ಪರಪುಷ್ಪಪ್ರಿಯ ರಾಯರು

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಬೆಳಕು ಹರಿಯುವ ಮುಂಚೆ ಬೀದಿಗಿಳಿಯುವವರು ಇಬ್ಬರು: ಪೇಪರ್ ಹುಡುಗ ಮತ್ತು ಹೂವಿನ ರಾಯರು. ಹುಡುಗ ಕಾಂಪೌಂಡಿನ ಒಳಕ್ಕೆ ಎಸೆಯುತ್ತಾನೆ, ರಾಯರು ಒಳಗಿನದನ್ನು ಹೊರಕ್ಕೆ ಎಳೆಯುತ್ತಾರೆ. ಬಸವನಗುಡಿಯಲ್ಲಿ ಇಂಥವರು ರಸ್ತೆಗೊಬ್ಬರು, ಜಯನಗರದಲ್ಲಿ ಬ್ಲಾಕಿಗೆ ನಾಲ್ವರು. ರಾಯರೇ ಇಲ್ಲದ ಜಾಗ ಇನ್ನೂ ಬಡಾವಣೆಯಾಗಿಲ್ಲ, ಬರೀ ಲೇಔಟು ಎಂದು ತಿಳಿಯಬೇಕು.

ರಾಯರ ದಿನಚರಿಗೆ ಶಾಸ್ತ್ರಾಧಾರವುಂಟು. ಸೂರ್ಯೋದಯಕ್ಕೆ 96 ನಿಮಿಷ ಮುಂಚೆ ಶುರುವಾಗಿ 48 ನಿಮಿಷ ಇರುವುದು ಬ್ರಾಹ್ಮೀ ಮುಹೂರ್ತ. ಜನವರಿ ಕೊನೆಯಲ್ಲಿ ಬೆಂಗಳೂರಿಗೆ ಸೂರ್ಯ ಬರುವುದೇ ಆರೂಮುಕ್ಕಾಲಿಗೆ. ಆ ಲೆಕ್ಕಕ್ಕೆ ಮುಹೂರ್ತ ಹುಟ್ಟಬೇಕಾದ್ದು ಐದು ದಾಟಿದ ಮೇಲೆ. ರಾಯರು ಮಾತ್ರ ವರ್ಷವಿಡೀ ಏಳುವುದು ನಾಲ್ಕೂವರೆಗೆ. ಬ್ರಹ್ಮನಿಗಿಂತಲೂ ಮೊದಲು ಎದ್ದು ಏನು ಮಾಡುತ್ತೀರಿ ಎಂದು ಯಾರೂ ಕೇಳಿದ್ದಿಲ್ಲ. ಐದು ಗಂಟೆಗೆ ಮೂಲೆಮನೆಯಾಕೆ ರಂಗೋಲಿ ಡಬ್ಬಿ ಹಿಡಿದು ಗೇಟಿಗೆ ಬರುತ್ತಾರೆ ಎಂಬುದು ಪಂಚಾಂಗದಲ್ಲಿ ಇಲ್ಲದ, ರಾಯರಿಗೆ ಮಾತ್ರ ಗೊತ್ತಿರುವ ಗಳಿಗೆ.

ಕಣ್ಣು ಬಿಟ್ಟೊಡನೆ ಅಂಗೈ ನೋಡಿಕೊಳ್ಳುತ್ತಾರೆ. ಬೆರಳ ತುದಿಯಲ್ಲಿ ಲಕ್ಷ್ಮಿ, ನಡುವೆ ಸರಸ್ವತಿ, ಬುಡದಲ್ಲಿ ಗೌರಿ. ಅರ್ಧ ಗಂಟೆಯಲ್ಲಿ ಆ ತುದಿಗಳಿಗೆ ಕೆಲಸವಿರುವುದರಿಂದ ಲಕ್ಷ್ಮಿಗೆ ಒಂದು ನಮಸ್ಕಾರ ಹೆಚ್ಚು. ಮಂಚದಿಂದ ಇಳಿಯುವ ಮೊದಲು, ನಿನ್ನನ್ನು ಕಾಲಿನಿಂದ ಮುಟ್ಟುತ್ತಿದ್ದೇನೆ, ಕ್ಷಮಿಸು ತಾಯಿ ಎಂದು ಭೂದೇವಿಯನ್ನು ಬೇಡುತ್ತಾರೆ. ನೆಲಕ್ಕೆ ಪಾದ ಊರಲೂ ಅಪ್ಪಣೆ ಕೇಳುವ ಇಂಥ ಸೂಕ್ಷ್ಮದ ಮನುಷ್ಯ, ಆ ನೆಲದಲ್ಲಿ ಬೆಳೆದ ಗಿಡಕ್ಕೆ ಕೈಹಾಕುವಾಗ ಯಾರನ್ನೂ ಕೇಳುವುದಿಲ್ಲ. ಭೂಮಿ ಅಂದಮೇಲೆ ಸೈಟೂ ಅದರಲ್ಲೇ ಬಂತಲ್ಲ!

ಆಮೇಲೆ ಮಫ್ಲರ್, ಸ್ವೆಟರ್, ಬಗಲಲ್ಲಿ ಬಾಗಿದ ಹಿಡಿಯ ಛತ್ರಿ. ಮಾರ್ಚ್ ತಿಂಗಳ ಶುಭ್ರಾಕಾಶದಲ್ಲಿ ಛತ್ರಿ ಯಾಕೆಂಬುದು ಅದನ್ನು ತಿರುವುಮುರುವು ಹಿಡಿದಾಗ ತಿಳಿಯುತ್ತದೆ. ಮನೆಯಲ್ಲಿ ದೋಟಿಯೂ ಇದೆ, ಆದರೆ ಅದನ್ನು ಹಿಡಿದು ಹೊರಟರೆ ವಾಕಿಂಗ್ ಎಂದು ಯಾರೂ ನಂಬುವುದಿಲ್ಲ. 2016ರಲ್ಲಿ ಸರ್ಕಾರ ಪ್ಲಾಸ್ಟಿಕ್ ಕವರ್ ನಿಷೇಧಿಸಿದ ಮರುದಿನದಿಂದಲೇ ಬಟ್ಟೆಚೀಲಕ್ಕೆ ಬದಲಾದರು. ಕಾನೂನು ಮೀರುವ ಜಾಯಮಾನ ಅವರದಲ್ಲ.

ನಿಯಮದಲ್ಲಂತೂ ಕೂದಲೆಳೆಯಷ್ಟೂ ಸಡಿಲವಿಲ್ಲ. ಗಣಪತಿಗೆ ತುಳಸಿ ಸಲ್ಲದು, ಶಿವನಿಗೆ ಕೇದಿಗೆ ಸಲ್ಲದು. ಮೂಸಿದ ಹೂವು ಬೇಡ. ನೆಲಕ್ಕೆ ಬಿದ್ದದ್ದು ಬೇಡ, ಪಾರಿಜಾತ ಬಿಟ್ಟು. ಪಾರಿಜಾತ ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ತಾನಾಗಿ ಉದುರುವ ಹೂವು, ಕೀಳುವ ಪ್ರಮೇಯವೇ ಇಲ್ಲ. ಆದರೂ ರಾಯರು ಕೊಂಬೆ ಹಿಡಿದು ಎರಡು ಸಲ ಅಲ್ಲಾಡಿಸುತ್ತಾರೆ, ಪ್ರಯತ್ನವಿಲ್ಲದೆ ಫಲ ಪಡೆಯಬಾರದೆಂದು. ದ್ವಾದಶಿಯ ದಿನ ತುಳಸಿ ಕೀಳುವಂತಿಲ್ಲವಾದ್ದರಿಂದ ಅಂದು ತಮ್ಮ ಮನೆಯ ಕಟ್ಟೆಯ ಗಿಡಕ್ಕೆ ಉಗುರೂ ತಾಗಿಸುವುದಿಲ್ಲ. ಪಕ್ಕದ ಮನೆಯ ನಂದಿಬಟ್ಟಲಿಗೆ ದ್ವಾದಶಿ ಅನ್ವಯಿಸುವುದಿಲ್ಲ.

ಅವರ ಮನೆಯಲ್ಲಿ ಬೇರೆ ಗಿಡವೇ ಇಲ್ಲವೆ? ಇತ್ತು. ಮಹಡಿ ಕಟ್ಟಿ ಬಾಡಿಗೆಗೆ ಕೊಟ್ಟಾಗ ಕಾರು ನಿಲ್ಲಿಸಲು ಅಂಗಳಕ್ಕೆ ಸಿಮೆಂಟು ಬಿತ್ತು. "ಗಿಡ ಅಂದ್ರೆ ಸುಮ್ನೇನಾ? ನೀರು ಹಾಕ್ಬೇಕು, ಗೊಬ್ಬರ ಹಾಕ್ಬೇಕು, ಉದುರಿದ ಎಲೆ ಗುಡಿಸ್ಬೇಕು. ಮೇಲಾಗಿ ಹೂ ಬಿಟ್ರೆ ಹೋಗೋ ಬರೋರೆಲ್ಲ ಕೈ ಹಾಕ್ತಾರೆ" ಎನ್ನುತ್ತಾರೆ, ನಿಜವಾದ ಬೇಸರದಿಂದ.

ಒಮ್ಮೆ ಮೂಲೆಮನೆಯಾಕೆ ರಂಗೋಲಿಗೆ ಹದಿನೈದು ನಿಮಿಷ ಮುಂಚೆ ಬಂದುಬಿಟ್ಟರು. ಛತ್ರಿಯ ಹಿಡಿ ದಾಸವಾಳದ ಕೊರಳಲ್ಲೇ ಇತ್ತು. ರಾಯರು ಅಳುಕಲಿಲ್ಲ, ಗೌತಮ ಧರ್ಮಸೂತ್ರ ತೆಗೆದರು. ಹಸುವಿಗೆ ಹುಲ್ಲು, ಅಗ್ನಿಗೆ ಸೌದೆ, ಗಿಡಬಳ್ಳಿಗಳ ಹೂವು, ಇವನ್ನು ತನ್ನದೆಂಬಂತೆ ತೆಗೆದುಕೊಳ್ಳಬಹುದೆಂದು ಅದರಲ್ಲಿ ಇರುವುದು ನಿಜ. ಸೂತ್ರದ ಕೊನೆಯಲ್ಲಿ ಬೇಲಿಯಿಲ್ಲದ ಕಡೆ ಎಂಬ ಷರತ್ತೂ ಇದೆ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಸಾಲದ ಕಾಗದ ತಿದ್ದಿದ ರಾಯರಿಗೆ ಷರತ್ತನ್ನು ಎಲ್ಲಿ ಓದಬೇಕು, ಎಲ್ಲಿ ಕೆಮ್ಮಬೇಕು ಎಂಬುದು ಗೊತ್ತು. ಅಲ್ಲಿಗೆ ಸರಿಯಾಗಿ ಕೆಮ್ಮಿದರು. ಆಕೆ ಕರಗದಿದ್ದಾಗ ಪುರಾಣಕ್ಕೆ ಏರಿದರು: "ಕೃಷ್ಣಪರಮಾತ್ಮ ಇಂದ್ರನ ತೋಟದಿಂದ ಪಾರಿಜಾತದ ಮರವನ್ನೇ ಬೇರುಸಮೇತ ಕಿತ್ತು ತಂದನಮ್ಮ. ನಾನು ಹೂವಷ್ಟೇ. ಗಿಡ ನಿಮಗೇ ಬಿಟ್ಟಿದೀನಿ."

"ಸತ್ಯಭಾಮೆ ಕೇಳಿದ್ಲು, ಕೃಷ್ಣ ತಂದ. ನಿಮ್ಮನ್ನ ಯಾರು ಕೇಳಿದ್ರು?"

"ದೇವರು! ಗಿಡದಲ್ಲೇ ಬಾಡೋ ಬದಲು ಸ್ವಾಮಿ ಪಾದ ಸೇರತ್ತೆ. ಅದರ ಪುಣ್ಯದಲ್ಲಿ ನಿಮಗೂ ಅರ್ಧ ಪಾಲು."

"ಪೂರ್ತಿ ಪುಣ್ಯ ನೀವೇ ಇಟ್ಕೊಳ್ಳಿ. ಹೂ ಕೊಡಿ."

ಆ ದಿನದಿಂದ ಗೇಟಿಗೆ 'ಹೂ ಕೀಳಬಾರದು' ಎಂಬ ಬೋರ್ಡು ಬಂತು. ರಾಯರು ಹಿಂಬದಿಯ ಕಾಂಪೌಂಡಿಗೆ ಹೋದರು, ಬೋರ್ಡು ಅಲ್ಲಿ ಇರಲಿಲ್ಲ. 'ದೇವರು ನೋಡುತ್ತಿದ್ದಾನೆ' ಎಂಬ ಎರಡನೇ ಬೋರ್ಡು ಬಂತು. "ನೋಡ್ಲಿ, ಅವನಿಗೇ ತಾನೆ" ಎಂದರು. ಕೊನೆಗೆ ಸಿಸಿ ಕ್ಯಾಮೆರಾ ಬಂತು. ಅದಕ್ಕೆ ದಿನವೂ ಕೈಮುಗಿದು ಕೆಲಸ ಶುರುಮಾಡುತ್ತಾರೆ.

ಅವರ ನಿಜವಾದ ಸಂಕಟ ಬೇರೆಯೇ ಇದೆ. ಈಚೆಗೆ ಪೈಪೋಟಿ ವಿಪರೀತ. ಮೊದಲೆಲ್ಲ ಎರಡನೇ ಅಡ್ಡರಸ್ತೆ ಇವರಿಗೆ, ಮೂರನೆಯದು ಪೋಸ್ಟಾಫೀಸಿನಿಂದ ನಿವೃತ್ತರಾದ ಭಟ್ಟರಿಗೆ ಎಂದು ಮಾತಿಲ್ಲದ ಒಪ್ಪಂದವಿತ್ತು. ಈಗ ವಾಕಿಂಗಿನ ಹೆಂಗಸರು, ಯೋಗ ಕ್ಲಾಸಿನ ಹುಡುಗರು, ಎಲ್ಲರಿಗೂ ಭಕ್ತಿ ಬಂದಿದೆ. ವರಮಹಾಲಕ್ಷ್ಮಿ ಹಬ್ಬದ ವಾರವಂತೂ ಕೆ.ಆರ್. ಮಾರುಕಟ್ಟೆಯಲ್ಲಿ ಹೂವಿನ ಬೆಲೆ ಗಗನಕ್ಕೇರಿದಷ್ಟೂ ಬಡಾವಣೆಯ ಗಿಡಗಳು ಬೋಳಾಗುತ್ತವೆ. ಸಂಪಿಗೆ, ತಾವರೆ ಬಿಟ್ಟರೆ ಮೊಗ್ಗನ್ನು ಏರಿಸಬಾರದೆಂಬ ಶಾಸ್ತ್ರವನ್ನೂ ಈ ಹೊಸಬರು ಲೆಕ್ಕಿಸುವುದಿಲ್ಲ. "ಕಲಿಗಾಲ ಸ್ವಾಮಿ. ಐದಕ್ಕೆ ಹೋದ್ರೂ ಒಂದು ಹೂ ಬಿಟ್ಟಿರಲ್ಲ. ಎಲ್ಲಿ ನೋಡಿದ್ರೂ ಕಳ್ಳರು" ಎಂದು ನಿಟ್ಟುಸಿರಿಡುತ್ತಾರೆ.

ಆದರೂ ರಾಯರ ಪೂಜೆ ನೋಡುವಂಥದ್ದು. ಬೆಳ್ಳಿತಟ್ಟೆಯಲ್ಲಿ ಬಣ್ಣದ ಪ್ರಕಾರ ಹೂ ಜೋಡಿಸಿ, ಸಹಸ್ರನಾಮಕ್ಕೆ ಒಂದೊಂದೇ ಎಸಳು ಏರಿಸುವಾಗ ಕಣ್ಣಂಚು ತೇವವಾಗುವುದು ನಟನೆಯಲ್ಲ. ಕೊನೆಯಲ್ಲಿ ಸಮಸ್ತ ಜನರೂ ಸುಖವಾಗಿರಲೆಂದು ಬೇಡುತ್ತಾರೆ, ನಂದಿಬಟ್ಟಲಿಗೆ ತಮಗಿಂತ ಮೊದಲು ಕೈಹಾಕಿದವನನ್ನು ಹೊರತುಪಡಿಸಿ. ಶುಕ್ರವಾರ ಪ್ರಸಾದ ಹಂಚುತ್ತಾರೆ. ಮೂಲೆಮನೆಯಾಕೆಗೆ ಅವರದೇ ಗಿಡದ ದಾಸವಾಳ, ಕುಂಕುಮ ಹತ್ತಿ, ಹಿಂದಿರುಗಿ ಬರುತ್ತದೆ. ಪ್ರಸಾದ ಬೇಡವೆನ್ನಲಾದೀತೆ? ಆಕೆ ಕಣ್ಣಿಗೊತ್ತಿಕೊಳ್ಳುತ್ತಾರೆ. "ಗಿಡ ಚೆನ್ನಾಗಿ ನೋಡ್ಕೊಳ್ಳಮ್ಮ" ಎಂದು ರಾಯರು ಆಶೀರ್ವದಿಸುತ್ತಾರೆ.

ಹೋದ ವರ್ಷ ಮಗನ ಮನೆಗೆಂದು ಆರು ತಿಂಗಳು ನ್ಯೂಜೆರ್ಸಿಗೆ ಹೋದರು. ಏಪ್ರಿಲ್ ತಿಂಗಳು, ಬೀದಿಯುದ್ದಕ್ಕೂ ಮ್ಯಾಗ್ನೋಲಿಯ. ನಮ್ಮ ಸಂಪಿಗೆಯೂ ಅದೇ ಕುಲದ್ದೆಂದು ತಿಳಿದು ರಾಯರಿಗೆ ನೆಂಟರು ಸಿಕ್ಕಂತಾಯಿತು. ಅದಕ್ಕಿಂತ ರೋಮಾಂಚನವಾದದ್ದು ಇನ್ನೊಂದು: ಯಾವ ಮನೆಯ ಮುಂದೆಯೂ ಬೇಲಿಯಿಲ್ಲ! ಗೌತಮರ ಸೂತ್ರವನ್ನು ಕೆಮ್ಮದೆ ಕೊನೆಯವರೆಗೂ ಹೇಳಬಹುದಾದ ದೇಶ ಇದೊಂದೇ ಎಂದು ಅವರಿಗೆ ಖಾತ್ರಿಯಾಯಿತು. ಮರುದಿನವೇ ನಸುಕಿನಲ್ಲಿ ಮೂರನೇ ಮನೆಯ ಮರಕ್ಕೆ ಛತ್ರಿ ಎತ್ತಿದರು. ಫಕ್ಕನೆ ದೀಪ ಹೊತ್ತಿತು. ಬಾಗಿಲ ಗಂಟೆಯೊಳಗಿಂದ ಒಂದು ಗಂಡುದನಿ, "ನಿಮಗೇನಾದರೂ ಸಹಾಯ ಬೇಕಿತ್ತೆ?" ಎಂದು ಇಂಗ್ಲಿಷಿನಲ್ಲಿ ಕೇಳಿತು. ರಾಯರ ಮನಸ್ಸು ತುಂಬಿಬಂತು. ಮೇಲಿನ ಕೊಂಬೆ ಎಟುಕುತ್ತಿಲ್ಲವೆಂದು ತೋರಿಸಿದರು.

ಮಗ ಆಮೇಲೆ ಆ ಮನೆಗೆ ಹೋಗಿ ಕ್ಷಮೆ ಕೇಳಿ ಬಂದನಂತೆ. ರಾಯರು ಅದನ್ನು ಹೇಳುವುದಿಲ್ಲ. ಹೇಳುವುದಿಷ್ಟೇ: "ಏನು ಸಂಸ್ಕಾರ ರೀ ಅವರದು! ಬೆಳಗಿನ ಜಾವಕ್ಕೇ ಎದ್ದು ಸಹಾಯ ಬೇಕಾ ಅಂತಾರೆ. ನಮ್ಮಲ್ಲಿ ನಾಯಿ ಬಿಡ್ತಾರೆ."