ಉಗುರು ಪರೀಕ್ಷೆ

ಕಾರಿಗೆ ಬಿದ್ದ ಗೀರನ್ನು ಕಾರಿನವನಿಗಿಂತ ಮೊದಲೇ ಕಂಡುಹಿಡಿಯುವ ಮನುಷ್ಯ ಪ್ರತಿ ಊರಿನಲ್ಲೂ ಒಬ್ಬನಾದರೂ ಇರುತ್ತಾನೆ. ನೀವು ಬ್ಯಾಂಕಿನಿಂದಲೋ ದಿನಸಿ ಅಂಗಡಿಯಿಂದಲೋ ಹೊರಗೆ ಬರುವಷ್ಟರಲ್ಲಿ ಅವನು ನಿಮ್ಮ ಕಾರಿಗೆ ಒಂದು ಪ್ರದಕ್ಷಿಣೆ ಮುಗಿಸಿರುತ್ತಾನೆ. ಒಂದು ಕಣ್ಣು ಮುಚ್ಚಿ, ಸೊಂಟ ಬಗ್ಗಿಸಿ, ಬಿಸಿಲಿಗೆ ಓರೆಯಾಗಿ ನಿಂತು ಬಾಗಿಲನ್ನು ನೋಡುತ್ತಿರುತ್ತಾನೆ. ಕ್ಷೇಮ ಸಮಾಚಾರದ ಮಾತೇ ಇಲ್ಲ. ಹೆಬ್ಬೆರಳಿನ ಉಗುರನ್ನು ಗೀರಿಗೆ ಅಡ್ಡಲಾಗಿ ಎಳೆದು, ಸ್ವಲ್ಪ ಹೊತ್ತು ಸುಮ್ಮನಿದ್ದು, ಕೊನೆಗೆ ತೀರ್ಪು ಕೊಡುತ್ತಾನೆ: ‘ಉಗುರು ಸಿಗ್ತಿದೆ.’

ಲಿಂಗದಹಳ್ಳಿಯಲ್ಲಿ ಇಂಥವರಿಗೆ ಕೆಲಸಕ್ಕೆ ಬರವಿಲ್ಲ. ತರೀಕೆರೆಯಿಂದ ಕಲ್ಲತ್ತಿಗಿರಿಗೆ, ಕೆಮ್ಮಣ್ಣುಗುಂಡಿಗೆ ಹೊರಟವರು ನಮ್ಮೂರನ್ನು ಹಾದು ಹೋಗುತ್ತಾರೆ. ಶನಿವಾರ ಬೆಂಗಳೂರಿನ ಕಾರುಗಳು ಥಳಥಳ ಹೊಳೆಯುತ್ತಾ ಹತ್ತುತ್ತವೆ. ಭಾನುವಾರ ಎಡಮಗ್ಗುಲಿಗೆ ಲಂಟಾನದ ಸಹಿ ಹಾಕಿಸಿಕೊಂಡು ಇಳಿಯುತ್ತವೆ. ತಿರುವಿನಲ್ಲಿ ಬಸ್ಸು ಎದುರಾದರೆ ಕಾರಿನವನು ಸರಿಯಬೇಕಾದದ್ದು ಪೊದೆಯ ಕಡೆಗೇ ತಾನೆ. ಇನ್ನು ಊರಿನ ಕಾರುಗಳಿಗೆ ಗೀರು ಬೀಳಲು ಘಟ್ಟ ಹತ್ತಬೇಕಾಗಿಯೂ ಇಲ್ಲ. ಅಡಿಕೆ ಮೂಟೆ ಹೊತ್ತವರು ಸವರಿಕೊಂಡು ಹೋಗುತ್ತಾರೆ, ತೆಂಗಿನ ಗರಿ ಬೀಳುತ್ತದೆ, ಧೂಳು ಕೂತ ಗಾಜಿನ ಮೇಲೆ ಹೆಸರು ಬರೆದ ಮಕ್ಕಳು ಜಾಗ ಸಾಲದೆ ಬಾನೆಟ್ಟಿಗೂ ಬರುತ್ತಾರೆ. ಆಯುಧ ಪೂಜೆಯ ದಿನವಂತೂ ಭಕ್ತಿಯಿಂದಲೇ ಗೀರಿಸುತ್ತೇವೆ. ಹಚ್ಚಿದ ವಿಭೂತಿ ಒಣಗಿದ ಮೇಲೆ ಅದನ್ನು ಒಣಬಟ್ಟೆಯಲ್ಲಿ ತಿಕ್ಕಿದರೆ ಆಗುವುದು ನಯವಾದ ಉಪ್ಪುಕಾಗದದ ಕೆಲಸ.

ನನ್ನ ಪಾಲಿಗೆ ಬಂದಿರುವ ಗೀರು ಪಂಡಿತರು ನನ್ನ ಷಡ್ಡಕರೇ. ಹೆಂಡತಿಗೆ ಭಾವ, ನನಗೆ ಅಣ್ಣ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರದ ವಿಭಾಗದಲ್ಲಿದ್ದು ನಿವೃತ್ತರಾದವರು. ಸ್ಪ್ರೇ ಗನ್ನನ್ನು ಅವರು ಕೈಯಲ್ಲಿ ಹಿಡಿದ ದಾಖಲೆ ಇಲ್ಲ. ಆದರೂ ‘ಕಬ್ಬಿಣದ ಜೊತೆ ಆಯುಷ್ಯ ಕಳೆದವನು ನಾನು’ ಎಂದರೆ ಎದುರು ಮಾತಾಡುವುದು ಕಷ್ಟ. ಬಂಪರಿನ ಗೀರಿನ ಬಗ್ಗೆ ಅವರಿಗೆ ತಾತ್ಸಾರ. ಪ್ಲಾಸ್ಟಿಕ್ಕು, ಅದಕ್ಕೆ ತುಕ್ಕು ಹಿಡಿಯುವುದಿಲ್ಲ, ಹಾಗಾಗಿ ಅದು ರೋಗವೇ ಅಲ್ಲ. ತಗಡಿನ ಮೇಲೆ ಗೀರಾದರೆ ಮಾತ್ರ ಎದ್ದು ಕೂರುತ್ತಾರೆ. ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇ ತೊಟ್ಟಿಲುಗಳಲ್ಲಿ ಬೆಟ್ಟ ಇಳಿದು ಭದ್ರಾವತಿ ಸೇರುತ್ತಿದ್ದುದು, 1923ರಲ್ಲಿ ಅಲ್ಲಿ ಕಬ್ಬಿಣ ಕರಗಲು ಶುರುವಾದದ್ದು, ವಿಶ್ವೇಶ್ವರಯ್ಯನವರು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, ‘ಪೇಂಟ್ ಹೋದ ಕಬ್ಬಿಣ ತಿರುಗಿ ಕೆಮ್ಮಣ್ಣಾಗೋಕೆ ಕಾಯ್ತಾ ಇರುತ್ತೆ ಕಣೋ’ ಎಂದು ನಿಲ್ಲಿಸುತ್ತಾರೆ. ಅಷ್ಟು ಹೊತ್ತಿಗೆ ನೀವು ಬಾಗಿಲನ್ನು ಅವರಿಗೆ ಒಪ್ಪಿಸಲು ಮಾನಸಿಕವಾಗಿ ಸಿದ್ಧರಾಗಿರುತ್ತೀರಿ.

ಇನ್ಶೂರೆನ್ಸಿನಲ್ಲೂ ಅವರ ಸಲಹೆ ಉಂಟು, ಮತ್ತು ಅದು ಸರಿಯಾಗಿಯೇ ಇರುತ್ತದೆ. ಒಂದು ವರ್ಷ ಕ್ಲೈಮ್ ಮಾಡದಿದ್ದರೆ ಸ್ವಂತ ಹಾನಿಯ ಪ್ರೀಮಿಯಮ್ಮಿನಲ್ಲಿ ಶೇಕಡಾ 20 ಸೋಡಿ, ಹಾಗೇ ಐದು ವರ್ಷ ಹೋದರೆ 50. 1500 ಸಿ.ಸಿ. ಒಳಗಿನ ಕಾರಾದರೆ ಪ್ರತಿ ಕ್ಲೈಮಿಗೂ ಮೊದಲ ಸಾವಿರ ರೂಪಾಯಿ ನಮ್ಮ ಕೈಯಿಂದಲೇ. ಒಂದು ಗೀರಿಗಾಗಿ ಇದನ್ನೆಲ್ಲ ಕಳೆದುಕೊಳ್ಳುವುದು ದಡ್ಡತನ ಎಂದು ಬೆರಳೆಣಿಸಿ ತೋರಿಸುತ್ತಾರೆ. ಲೆಕ್ಕದಲ್ಲಿ ಅಣ್ಣ ತಪ್ಪಿದವರಲ್ಲ. ಎಡವುವುದೇನಿದ್ದರೂ ಕೈ ಕೆಲಸದಲ್ಲಿ.

ನನ್ನ ಬೂದುಬಣ್ಣದ ಕಾರಿನ ಹಿಂಬಾಗಿಲಿಗೆ ಗೀರು ಬಿದ್ದದ್ದು ಅಡಿಕೆ ಕೊಯ್ಲಿನ ಕಾಲದಲ್ಲಿ. ಕೊನೆ ಕೊಯ್ಯುವವರು ಗೋಡೆಗೆ ಒರಗಿಸಿಟ್ಟಿದ್ದ ದೋಟಿ ನಿಧಾನವಾಗಿ ಜಾರಿ, ಬಾಗಿಲಿನ ಮೇಲೆ ಒಂದು ಗೇಣಿನ ಗೆರೆ ಎಳೆದು, ಏನೂ ಆಗದಂತೆ ನೆಲದಲ್ಲಿ ಮಲಗಿತು. ತೆಳ್ಳನೆ ಗೆರೆ. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಕಾಣುತ್ತಿರಲಿಲ್ಲ. ನಾನು ಆ ನಾಲ್ಕು ಹೆಜ್ಜೆ ಹಿಂದೆಯೇ ಬದುಕಿಬಿಡುವ ಆಲೋಚನೆಯಲ್ಲಿದ್ದೆ. ಅಷ್ಟರಲ್ಲಿ ಅಣ್ಣ ಬಂದರು.

ಉಗುರು ಪರೀಕ್ಷೆ ಆಯಿತು. ‘ಸಿಗ್ತಿದೆ. ಆದ್ರೆ ಆಳಕ್ಕೆ ಹೋಗಿಲ್ಲ. ಪೇಸ್ಟ್ ತನ್ನಿ.’

ಹೆಂಡತಿ ಹಲ್ಲುಜ್ಜುವ ಪೇಸ್ಟ್ ತಂದಳು. ಜೆಲ್ ಆಗದು, ಬಿಳಿಯದೇ ಬೇಕು ಎಂದು ಮಗನನ್ನು ಅಂಗಡಿಗೆ ಓಡಿಸಿದರು. ಅದರಲ್ಲಿ ಉಜ್ಜುವ ಸಣ್ಣ ಪುಡಿ ಇರುವುದು ನಿಜ. ಉಗುರಿಗೆ ಸಿಗದ ಕೂದಲೆಳೆಯ ಗೀರುಗಳು ಅದರಿಂದ ಸ್ವಲ್ಪ ಮಸುಕಾಗುವುದೂ ನಿಜ. ದೋಟಿಯ ಗೀರು ಜಗ್ಗಲಿಲ್ಲ. ನನ್ನ ಹಳೆಯ ಬನಿಯನ್ ಒಂದು, ಹಳೆಯದಲ್ಲದ ಬನಿಯನ್ ಒಂದು ಆ ಯಜ್ಞಕ್ಕೆ ಬಿದ್ದವು. ಆಮೇಲೆ ಅಣ್ಣನ ಜೇಬಿನಿಂದ ನಾಲ್ಕಾಗಿ ಮಡಿಸಿದ ವಾಟರ್ ಪೇಪರ್ ಹೊರಗೆ ಬಂತು. ಷಡ್ಡಕನ ಮನೆಗೆ ಬರುವಾಗ ಹಣ್ಣು ಹೂವು ತರುವವರನ್ನು ಕಂಡಿದ್ದೇನೆ. ವಾಟರ್ ಪೇಪರ್ ತಂದವರು ಇವರೊಬ್ಬರೇ. ಅದರ ನಂಬರ್ ನೋಡಬೇಕೆನ್ನುವ ಬುದ್ಧಿ ಯಾರಿಗೂ ಬರಲಿಲ್ಲ. ಎರಡು ಸಾವಿರದ್ದನ್ನು ಹಗುರವಾಗಿ ಆಡಿಸಬೇಕಾದ ಕಡೆ ನಾನೂರರದ್ದು ಕೂತಿತ್ತು.

ಚೊಂಬಿನಲ್ಲಿ ನೀರು ಬಿಡುವ ಕೆಲಸಕ್ಕೆ ನನ್ನನ್ನು ನೇಮಿಸಲಾಗಿತ್ತು. ಅದಕ್ಕಿಂತ ಮೇಲಿನ ಹುದ್ದೆಗೆ ನಾನು ಅರ್ಹನೆಂದು ನಮ್ಮ ಮನೆಯಲ್ಲೂ ಯಾರೂ ಭಾವಿಸಿಲ್ಲ. ಅಣ್ಣ ಉಜ್ಜಿದರು, ನಾನು ನೀರು ಬಿಟ್ಟೆ. ಹಾಲಿನ ಬಣ್ಣದ ನೀರು ಬಾಗಿಲಿನಿಂದ ಇಳಿಯತೊಡಗಿತು. ‘ನೋಡು, ಎಷ್ಟು ಕೊಳೆ ಕೂತಿತ್ತು!’ ಎಂದರು. ಅಡಿಕೆ ಸುಲಿಯುತ್ತಿದ್ದ ಹೆಂಗಸರೂ ಮೆಟ್ಟುಗತ್ತಿ ಬಿಟ್ಟು ಎದ್ದುಬಂದು ನೋಡಿದರು. ಗೀರು ನಿಜವಾಗಿಯೂ ಮಾಯವಾಗಿತ್ತು! ಅಣ್ಣ ಕೈ ತೊಳೆದುಕೊಂಡು ಜಗುಲಿಯ ಮೇಲೆ ಕೂತರು. ಕಾಫಿ ಬಂತು, ಜೊತೆಗೆ ಕೋಡುಬಳೆ ಬಂತು. ಗ್ಯಾರೇಜಿನವರು ಜನರನ್ನು ಸುಲಿಯುವ ಬಗೆಯನ್ನು ಅವರು ವಿವರಿಸುತ್ತಿದ್ದಾಗ ಬಾಗಿಲು ಒಣಗಿತು.

ಒದ್ದೆ ಇರುವಾಗ ಎಲ್ಲ ಗೀರೂ ಮಾಯವೇ. ನೀರು ಸಂದಿಯಲ್ಲಿ ತುಂಬಿಕೊಂಡು ಮೇಲ್ಮೈಯನ್ನು ಸಮ ಮಾಡುತ್ತದೆ, ಬೆಳಕು ಚದುರುವುದಿಲ್ಲ. ಒಣಗಿದ ಮೇಲೆ ನೋಡಿದರೆ ಗೇಣುದ್ದದ ಗೆರೆ ಇದ್ದ ಜಾಗದಲ್ಲಿ ಊಟದ ತಟ್ಟೆಯಷ್ಟು ಅಗಲದ ಮಂಜು ಕವಿದಿತ್ತು. ನಾಲ್ಕು ಹೆಜ್ಜೆ ಅಲ್ಲ, ರಸ್ತೆಯ ಆಚೆ ಬದಿಯಿಂದಲೂ ಕಾಣುತ್ತಿತ್ತು.

ಅಣ್ಣ ಎದೆಗುಂದಲಿಲ್ಲ. ‘ಕೊಬ್ಬರಿ ಎಣ್ಣೆ ಹಾಕಿದ್ರೆ ಹೊಳಪು ಬರುತ್ತೆ’ ಎಂದರು. ಎಣ್ಣೆ ಸವರಿದರು, ಹೊಳಪು ಬಂತು, ಮಂಜು ಮತ್ತೆ ಮಾಯ. ಆ ಸಂಭ್ರಮದಲ್ಲೇ ಎಲ್ಲರೂ ಕಡೂರಿನ ಮದುವೆಗೆ ಹೊರಟೆವು. ತೋಟದ ದಾರಿಯ ಕೆಂಪು ಧೂಳಿಗೆ ಎಣ್ಣೆ ಸವರಿದ ಜಾಗ ಬಹಳ ಹಿಡಿಸಿರಬೇಕು, ಬೇರೆಲ್ಲೂ ಕೂರದೆ ಅಲ್ಲೇ ಕೂತಿತು. ಛತ್ರದ ಮುಂದೆ ಇಳಿದಾಗ ನಮ್ಮ ಬಾಗಿಲಿನಲ್ಲಿ ಯಾವುದೋ ಕೆಂಪು ದೇಶದ ಭೂಪಟ ಮೂಡಿತ್ತು. ಪೇಂಟ್ ಹೋದದ್ದು ಕೆಮ್ಮಣ್ಣಾಗುತ್ತದೆ ಎಂದು ಅಣ್ಣ ಹೇಳಿದ್ದು ಇಷ್ಟು ಬೇಗ ಫಲಿಸುತ್ತದೆಂದು ಅವರಿಗೂ ಗೊತ್ತಿರಲಿಲ್ಲ. ‘ಯಾರು ಗುದ್ದಿದ್ದು?’ ಎಂದು ಕೇಳದ ನೆಂಟರಿಲ್ಲ. ಪ್ರತಿಯೊಬ್ಬರಿಗೂ ಅಣ್ಣನೇ ಮುಂದೆ ಬಂದು, ‘ಪಾಲಿಷ್ ಒಂದು ಬಾಕಿ ಇದೆ, ಅಷ್ಟೆ’ ಎಂದು ಉತ್ತರ ಕೊಟ್ಟರು.

ತರೀಕೆರೆಯ ಟಿಂಕರಿಂಗ್ ಶೆಡ್ಡಿನ ಪೇಂಟರ್ ಬಾಗಿಲನ್ನು ಒಮ್ಮೆ ನೋಡಿ ಕೇಳಿದ್ದು ಒಂದೇ ಪ್ರಶ್ನೆ: ‘ಯಾರು ಸಾರ್ ಉಜ್ಜಿದ್ದು?’ ನಾನು ಹೆಸರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ‘ಎಲ್ಲಾ ಊರಲ್ಲೂ ಒಬ್ರು ಇರ್ತಾರೆ ಸಾರ್, ಅವರಿಂದ್ಲೇ ನಮ್ಮ ಹೊಟ್ಟೆ ತುಂಬೋದು’ ಎಂದು ಕೃತಜ್ಞತೆಯಿಂದಲೇ ಹೇಳಿದ. ಬರೀ ಗೀರಾಗಿದ್ದರೆ ಕಾರಿನ ಬಣ್ಣದ ಕೋಡ್ ನೋಡಿ, ಸಣ್ಣ ಕುಂಚದಲ್ಲಿ ಟಚಪ್ ಮಾಡಿ ಕಳಿಸುತ್ತಿದ್ದನಂತೆ. ಈಗ ಇಡೀ ಬಾಗಿಲಿಗೇ ಬಣ್ಣ ಹೊಡೆಯಬೇಕು. ಪೇಂಟರುಗಳ ಲೆಕ್ಕ ಗೀರಿಗಲ್ಲ, ಪ್ಯಾನೆಲ್ಲಿಗೆ. ನಡುವೆ ನಿಲ್ಲಿಸಿದರೆ ಜೋಡಿಸಿದ ಗೆರೆ ಕಾಣುತ್ತದೆ. ಮೆಟಾಲಿಕ್ ಬಣ್ಣವಾದರೆ ಪಕ್ಕದ ಬಾಗಿಲಿನ ಮೇಲೂ ಸ್ವಲ್ಪ ತೇಲಿಸಿ ಹೊಡೆದರಷ್ಟೇ ಎರಡೂ ಒಂದೇ ಕಾರಿನವು ಎನ್ನಿಸುತ್ತವೆ.

ಅಣ್ಣನ ಕೈ ಕೆಟ್ಟದ್ದೇನೂ ಅಲ್ಲ. ಆ ಕೈ ಕಲಿತ ಪೇಂಟು ಈಗ ಇಲ್ಲ, ತೊಂದರೆ ಅದು. ಈಗಿನ ಕಾರಿನ ತಗಡಿನ ಮೇಲೆ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣ, ಅದರ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದರೆ ಒಂದೆರಡು ತಲೆಗೂದಲಿನ ದಪ್ಪ. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 40-50 ಮೈಕ್ರಾನ್. ಹೋಳಿಗೆಯ ಮೇಲಿನ ತುಪ್ಪದ ಹಾಗೆ, ಹೊಳಪೆಲ್ಲ ಅದರದೇ. ಬಿಸಿಲಿನಿಂದ ಬಣ್ಣವನ್ನು ಕಾಯುವುದೂ ಅದೇ. ಅಂಗಳದಲ್ಲಿ ಹಾಲಿನಂತೆ ಹರಿದುಹೋದ ಕೊಳೆ ಎಂದರೆ ಅದು.

ಅಣ್ಣ ಕಲಿತದ್ದು ನಮ್ಮ ಮಾವನವರ ಅಂಬಾಸಿಡರ್ ಮೇಲೆ. ಆ ಕಾಲದ ಪೇಂಟಿಗೆ ಮೇಲಿನಿಂದ ಕೆಳಗಿನವರೆಗೂ ಒಂದೇ ಬಣ್ಣ. ದಪ್ಪಗೆ ಹೊಡೆದಿರುತ್ತಿದ್ದರು. ರಬ್ಬಿಂಗ್ ಕಾಂಪೌಂಡ್ ಹಾಕಿ ತಿಕ್ಕಿದರೆ ಮಾಸಿದ ಮೇಲ್ಪದರ ಬಟ್ಟೆಗೆ ಬಂದು, ಕೆಳಗಿನಿಂದ ಹೊಸ ಬಣ್ಣ ಏಳುತ್ತಿತ್ತು. ಹೊಸ ಅಳಿಯನಾಗಿ ಬಂದವರು ಪ್ರತಿ ಭಾನುವಾರ ಆ ಕಡುನೀಲಿ ಕಾರನ್ನು ತಿಕ್ಕುತ್ತಿದ್ದರಂತೆ, ಊಟಕ್ಕೆ ಕೂತಾಗಲೂ ಬೆರಳಿನ ಸಂದಿಯಲ್ಲಿ ನೀಲಿ ಉಳಿದಿರುತ್ತಿತ್ತಂತೆ. ಆ ನೀಲಿಯನ್ನು ನೋಡಿಯೇ ಮಾವನವರು ಕೀಲಿಕೈ ಕೊಟ್ಟದ್ದು ಎಂದು ನನ್ನ ಹೆಂಡತಿ ಹೇಳುತ್ತಾಳೆ. ನನಗೆ ಆ ಮನೆಯಲ್ಲಿ ಕೊಟ್ಟದ್ದು ಕೈಗಡಿಯಾರ ಮಾತ್ರ.

ಆ ಕಾರು ಎಂದೋ ಮಾರಿ ಹೋಯಿತು. 2014ರಲ್ಲಿ ಅಂಬಾಸಿಡರ್ ತಯಾರಿಯೇ ನಿಂತಿತು. ಅಣ್ಣ ಸ್ವಂತಕ್ಕೆ ಕಾರು ಕೊಳ್ಳಲಿಲ್ಲ. ಆದರೆ ಮಾವನವರ ಕಾರಿನ ಗೀರುಗಳು ಇಂದಿಗೂ ಅವರ ಬಾಯಲ್ಲಿವೆ. ಎಡಗಡೆ ಮಡ್‌ಗಾರ್ಡಿನದ್ದು ಸಂತವೇರಿ ಘಾಟಿಯಲ್ಲಿ ಆದದ್ದು, ಅಂದು ಹಿರಿಯತ್ತೆಗೆ ಹೆರಿಗೆ ನೋವು ಬಂದಿತ್ತು. ಡಿಕ್ಕಿಯ ಮೇಲಿನದ್ದು ಲಕ್ಕವಳ್ಳಿಯಲ್ಲಿ ಡ್ಯಾಮ್ ನೋಡಲು ಹೋದಾಗ ಕೋತಿ ಮಾಡಿದ್ದು, ಆ ದಿನದ ಚಿತ್ರಾನ್ನವನ್ನೂ ಅದೇ ಕೋತಿ ತಿಂದದ್ದು. ಬಲಬಾಗಿಲಿನದ್ದು ನಮ್ಮ ಭಾವಮೈದ ಯಾರಿಗೂ ಹೇಳದೆ ಕಾರು ಕಲಿತ ಮಧ್ಯಾಹ್ನದ್ದು. ಅದನ್ನು ಅಣ್ಣ ರಾತ್ರೋರಾತ್ರಿ ಉಜ್ಜಿ ಮುಚ್ಚಿಹಾಕಿ ಹುಡುಗನನ್ನು ಬಚಾವ್ ಮಾಡಿದ್ದರು. ಹಾಗಾಗಿಯೇ ಇರಬೇಕು, ಯಾರ ಕಾರಿನ ಗೀರು ಕಂಡರೂ ಉಗುರು ಇಟ್ಟ ಮೇಲೆ ಅವರು ಕೇಳುವ ಎರಡನೆಯ ಮಾತು ‘ಹೆಂಗಾಯ್ತು?’ ಎಂದೇ. ಕೇಳಿ, ನಿಮ್ಮ ಕಥೆ ಮುಗಿಯುವವರೆಗೂ ನಿಂತಿರುತ್ತಾರೆ. ಶಿವಮೊಗ್ಗದ ಶೋರೂಮಿನಲ್ಲಿ ಫೋಟೊ ಹೊಡೆದುಕೊಂಡು ಎಸ್ಟಿಮೇಟ್ ಕೊಡುತ್ತಾರೆ. ದೋಟಿಯ ಕಥೆ ಅಲ್ಲಿ ಯಾರಿಗೂ ಬೇಕಾಗಿಲ್ಲ. ಅವಸರದ ಈ ಕಾಲದಲ್ಲಿ ಒಬ್ಬ ಮನುಷ್ಯ ಇನ್ನೊಬ್ಬನ ಸಣ್ಣ ನಷ್ಟಕ್ಕೆ ಅಷ್ಟು ಹೊತ್ತು ಬಿಸಿಲಲ್ಲಿ ನಿಲ್ಲುವುದೆಂದರೆ...

ಇರಲಿ. ಅವರನ್ನು ಹೀಗೆ ಏರಿಸಿ ಕೂರಿಸುವ ಉದ್ದೇಶ ನನಗೆ ಇರಲಿಲ್ಲ. ಬಾಗಿಲಿಗೆ ಬಣ್ಣ ಹೊಡೆಸಿದ ಬಿಲ್ಲು ಇನ್ನೂ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಈಚೆಗೆ ಭಾವಮೈದನ ಮಗ ಬೆಂಗಳೂರಿನಿಂದ ಹೊಸ ಕಾರಿನಲ್ಲಿ ಬಂದ. ಅಣ್ಣ ಪ್ರದಕ್ಷಿಣೆ ಶುರು ಮಾಡಿದರು. ಬಾನೆಟ್ಟಿನ ಮೇಲೆ ಲಂಟಾನದ ಸಣ್ಣ ಗೀರು ಕಂಡಿತು. ಕಣ್ಣು ಅರಳಿತು, ಕೈ ಜೇಬಿಗೆ ಹೋಯಿತು. ಹುಡುಗ, ‘ಮಾವ, ಉಜ್ಜಬೇಡಿ. ಪಿಪಿಎಫ್ ಹಾಕ್ಸಿದೀನಿ’ ಎಂದ. ಕಾರಿನ ಮೈಗೆಲ್ಲ ಪಾರದರ್ಶಕವಾದ ಪಾಲಿಯುರೆಥೇನ್ ಹಾಳೆ ಅಂಟಿಸಿದ್ದಾನೆ, ಮೇಲುಮೇಲಿನ ಗೀರು ಬಿದ್ದರೆ ಬಿಸಿ ತಾಗಿದ ಕೂಡಲೇ ಅದೇ ಕೂಡಿಕೊಳ್ಳುತ್ತದೆ. ಒಳಗೆ ಹೋಗಿ ಬಿಸಿನೀರು ತಂದು ಹೊಯ್ದು ತೋರಿಸಿದ. ಗೀರು ನಮ್ಮೆದುರಿಗೇ ಕರಗಿತು. ಅಣ್ಣ ಒರಸಿ, ಒಣಗಲು ಕಾದರು. ಒದ್ದೆಯ ಮೋಸ ಅವರಿಗೆ ಈಗ ಚೆನ್ನಾಗಿ ಗೊತ್ತು. ಒಣಗಿತು. ಉಗುರು ಎಳೆದರು. ಏನೂ ಸಿಗಲಿಲ್ಲ.

ಆ ಮುಖ ನೋಡಿ ನನಗೇ ಕಸಿವಿಸಿಯಾಯಿತು. ‘ಎಷ್ಟಾಯ್ತೋ ಇದಕ್ಕೆ?’ ಎಂದರು. ಹುಡುಗ ಹೇಳಿದ ಮೊತ್ತಕ್ಕೆ ಅವರ ಕಾಲದಲ್ಲಿ ಒಂದು ಅಂಬಾಸಿಡರೇ ಬರುತ್ತಿತ್ತು. ‘ಹೆಂಗಾಯ್ತು ಗೀರು?’ ಎಂದು ಕೇಳಲು ಬಾಯಿ ತೆರೆದರು. ಹುಡುಗ ಆಗಲೇ ಫೋನ್ ಹಿಡಿದು ಒಳಗೆ ಹೋಗಿದ್ದ.

ಕಾಫಿಗೆ ಕರೆದೆ. ಬರುತ್ತೇನೆಂದು ಎರಡು ಹೆಜ್ಜೆ ಇಟ್ಟವರು ಮುಂದಿನ ಚಕ್ರದ ಹತ್ತಿರ ನಿಂತರು. ಪಂಚೆ ಮೇಲೆತ್ತಿ ಕಟ್ಟಿ, ಮಂಡಿ ಹಿಡಿದುಕೊಂಡು ನಿಧಾನವಾಗಿ ಕುಕ್ಕುರುಗಾಲಿನಲ್ಲಿ ಕೂತರು. ರಿಮ್ಮಿನ ಅಂಚಿಗೆ ಬೆಂಗಳೂರಿನ ಯಾವುದೋ ಫುಟ್‌ಪಾತಿನ ಕಲ್ಲು ತಾಗಿ ಅಲಾಯ್ ಎದ್ದುಬಂದಿತ್ತು.

‘ಇದಕ್ಕೆ ಆ ಫಿಲಂ ಹಾಕಿಲ್ಲ ಅಲ್ವೇನೋ?’ ಎಂದು ನನ್ನ ಕಡೆ ತಿರುಗಿ ಕೇಳಿದರು. ‘ಹೋಗಿ ಒಂದು ಚೊಂಬು ನೀರು ತಗೊಂಡು ಬಾ.’