ಶ್ರೀ …ನಾಥ ಪ್ರಸನ್ನ: ಒಂದು ವಿಲ್ಲಿಸ್ ಪಿಕಪ್ಪಿನ ಒಡೆತನ ವಿಚಾರ

ಪ್ರಸ್ತುತ ಅಧ್ಯಯನದ ಆಕರವು ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ, ಹಲಸಿನ ಮರದ ಬುಡದಲ್ಲಿ, ಮೂರು ಚಕ್ರ ಮತ್ತು ಒಂದು ಸೈಜುಗಲ್ಲಿನ ಮೇಲೆ ನಿಂತಿದೆ. ಅದು ವಿಲ್ಲಿಸ್-ಓವರ್‌ಲ್ಯಾಂಡ್ ಕಂಪನಿಯ ಫೋರ್ ವೀಲ್ ಡ್ರೈವ್ ಪಿಕಪ್ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಅದು ಯಾರದು ಎಂಬುದೇ ಸಮಸ್ಯೆ.

ಮೊದಲು ಕಾಲನಿರ್ಣಯ. ಗಾಡಿಯು ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಹೋರಾಡಿ, ಡಿಸ್ಪೋಸಲ್ಲಿನಲ್ಲಿ ಮಾರಾಟವಾಗಿ ಘಟ್ಟ ಹತ್ತಿತೆಂದು ಕ್ಯಾಂಟೀನ್ ಪಂಥದವರು ಪ್ರತಿಪಾದಿಸುತ್ತಾರೆ. ನಮ್ಮ ನಾಡಿನಲ್ಲಿ ಹಳೆಯ ಜೀಪುಗಳೆಲ್ಲಕ್ಕೂ ಬರ್ಮಾದಲ್ಲಿ ಗುಂಡೇಟು ಬಿದ್ದಿರುತ್ತದೆ. ತುಕ್ಕಿನ ತೂತುಗಳನ್ನು ಬೆರಳಿಟ್ಟು ತೋರಿಸುತ್ತಾರೆ ಕೂಡ. ಈ ಮತ ಅಗ್ರಾಹ್ಯ. ಯುದ್ಧ ಮುಗಿದದ್ದು 1945ರಲ್ಲಿ. ಒಹಾಯೊದ ಟೊಲೆಡೊ ಕಾರ್ಖಾನೆಯಿಂದ ಈ ಜಾತಿಯ ಪಿಕಪ್ ಹೊರಬಂದದ್ದು 1947ರಲ್ಲಿ. ಮೊದಲ ವರ್ಷಗಳ ಗಾಡಿಗಳ ಮೂತಿ ಚಪ್ಪಟೆ; ನಡುವೆ ಉಬ್ಬಿ, ಅಡ್ಡಕ್ಕೆ ಐದು ಹೊಳೆಯುವ ಪಟ್ಟಿಗಳಿರುವ ಮೂತಿ ಬಂದದ್ದು 1950ರಲ್ಲಿ. ನಮ್ಮ ಆಕರದ ಮೂತಿ ಉಬ್ಬಿದೆ, ಪಟ್ಟಿಗಳು ಮೂರಿವೆ. ಉಳಿದೆರಡನ್ನು ತೋಟದ ಗೇಟಿನ ಅಗುಳಿಯ ರೂಪದಲ್ಲಿ ಪ್ರಬಂಧಕಾರನೇ ಪತ್ತೆಹಚ್ಚಿದ್ದಾನೆ. ಆದ್ದರಿಂದ ಗಾಡಿ ಬರ್ಮಾಕ್ಕೆ ಹೋಗಿದ್ದೇ ಆದರೆ ಕನಿಷ್ಠ ಐದು ವರ್ಷ ತಡವಾಗಿ ಹೋಗಿರಬೇಕು.

ಒಡೆಯರ ಪರಂಪರೆಗೆ ಬರುವ ಮೊದಲು, ಗಾಡಿ ಮಾಡಿದವರ ಒಡೆಯರ ಪರಂಪರೆಯನ್ನು ನೋಡಬೇಕು. ಅದರ ಮುಂದೆ ನಮ್ಮ ತಾಲ್ಲೂಕಿನ ವ್ಯಾಜ್ಯ ಏನೂ ಅಲ್ಲ. ವಿಲ್ಲಿಸ್ 1953ರಲ್ಲಿ ಕೈಸರ್ ಪಾಲಾಯಿತು. 1970ರಲ್ಲಿ ಅಮೆರಿಕನ್ ಮೋಟರ್ಸ್ ಪಾಲು. ನಡುವೆ ಫ್ರೆಂಚರ ರೆನೋ ಬಂದು ಪಾಲುಗಾರನಾಗಿ ಕೂತು ಎದ್ದುಹೋಯಿತು. 1987ರಲ್ಲಿ ಕ್ರೈಸ್ಲರ್, 1998ರಲ್ಲಿ ಜರ್ಮನರ ಡೈಮ್ಲರ್, ಆಮೇಲೆ ಇಟಲಿಯ ಫಿಯೆಟ್, 2021ರಿಂದ ಸ್ಟೆಲಾಂಟಿಸ್. ಇತ್ತ ಭಾರತದಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಿದ ಸಂಸ್ಥೆ 1945ರಲ್ಲಿ ಹುಟ್ಟಿದ್ದು ಮಹೀಂದ್ರ ಅಂಡ್ ಮೊಹಮ್ಮದ್ ಎಂಬ ಹೆಸರಿನಲ್ಲಿ. ದೇಶವಿಭಜನೆಯಾದಾಗ ಗುಲಾಂ ಮೊಹಮ್ಮದರು ಪಾಕಿಸ್ತಾನದ ಮೊದಲ ಹಣಕಾಸು ಮಂತ್ರಿಯಾಗಿ ಹೊರಟರು. 1948ರಲ್ಲಿ ಬೋರ್ಡು ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಎರಡು ‘ಎಂ’ ಉಳಿಸಿಕೊಂಡದ್ದು ಅಚ್ಚಾಗಿದ್ದ ಲೆಟರ್‌ಹೆಡ್ ದಂಡವಾಗಬಾರದೆಂದು ಎಂಬ ಪ್ರತೀತಿಯಿದೆ. ಇದು ನಿಜವೋ ಸುಳ್ಳೋ, ಲೆಟರ್‌ಹೆಡ್ ಅಚ್ಚು ಹಾಕಿಸಿದ ಯಾರೂ ಇದನ್ನು ಅಲ್ಲಗಳೆಯಲಾರರು.

ಇನ್ನು ಶಾಸನಗಳು. ಹಿಂಬಾಗಿಲ ಹಲಗೆಯ ಮೇಲೆ ಮೂರು ಪದರ ಬಣ್ಣವಿದೆ. ಕೆಳಗಿನದರಲ್ಲಿ ‘ಪಬ್ಲಿಕ್ ಕ್ಯಾರಿಯರ್’. ನಡುವಿನದರಲ್ಲಿ ‘ತಾಯಿಯ ಆಶೀರ್ವಾದ’. ಮೇಲಿನದು ತ್ರುಟಿತ: ‘ಶ್ರೀ …ನಾಥ ಪ್ರಸನ್ನ’. ಇದನ್ನು ‘ಮಂಜುನಾಥ’ ಎಂದು ಓದಿದವರು ಒಡೆಯನು ಧರ್ಮಸ್ಥಳದ ಒಕ್ಕಲೆಂದೂ, ‘ರಂಗನಾಥ’ ಎಂದು ಓದಿದವರು ಶ್ರೀರಂಗಪಟ್ಟಣದ ಕಡೆಯವನೆಂದೂ ಸಾಧಿಸುತ್ತಾರೆ. ಗ್ಯಾರೇಜ್ ಪಂಥದವರದು ಮೂರನೆಯ ಪಾಠ: ನಡುವೆ ಅಕ್ಷರವೇ ಬಿಟ್ಟುಹೋಗಿಲ್ಲ, ಇದ್ದದ್ದು ಖಾಲಿ ಜಾಗ, ಶ್ರೀನಾಥ ಮತ್ತು ಪ್ರಸನ್ನ ಒಡೆಯನ ಇಬ್ಬರು ಗಂಡುಮಕ್ಕಳು. ದೇವರನ್ನೇ ಶಾಸನದಿಂದ ಕಿತ್ತುಹಾಕುವ ಈ ಧಾರ್ಷ್ಟ್ಯವನ್ನು ಖಂಡಿಸಬೇಕೆಂದಿದ್ದ ಪ್ರಬಂಧಕಾರನು, ಬಸ್‌ಸ್ಟ್ಯಾಂಡಿನಲ್ಲಿ ನಿಂತ ಟೆಂಪೊಗಳ ಹಿಂಭಾಗ ಓದಿದ ಮೇಲೆ ಸುಮ್ಮನಾಗಿದ್ದಾನೆ.

ತಾಮ್ರಪಟದ ಸ್ಥಾನದಲ್ಲಿರುವುದು ಆರ್‌ಸಿ ಪುಸ್ತಕ. ಮೊದಲ ಪುಟದಲ್ಲಿ ಮೈಸೂರು ರಾಜ್ಯದ ‘ಎಂ.ವೈ.’ ಸಂಖ್ಯೆ, ಒಬ್ಬ ಸಾಹುಕಾರರ ಹೆಸರು. ಎರಡನೆಯ ಪುಟ ಗೆದ್ದಲಿನ ಕೃಪೆಯಿಂದ ಅನುಪಲಬ್ಧ. ಮೂರನೆಯದರಲ್ಲಿ ಒಂದು ಫೈನಾನ್ಸಿನವರ ಹೈರ್ ಪರ್ಚೇಸ್ ಅಥವಾ ಎಚ್‌ಪಿ ಮೊಹರು. ದಾನಶಾಸನಗಳ ಕೊನೆಯಲ್ಲಿ, ದತ್ತಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆಂಬ ಶಾಪಾಶಯ ಇರುತ್ತದಷ್ಟೆ. ಎಚ್‌ಪಿ ಮೊಹರು ಅದೇ ವರ್ಗಕ್ಕೆ ಸೇರಿದ್ದು, ಆದರೆ ಶಾಪಕ್ಕೆ ಅವಧಿಯ ಮಿತಿ ಇಲ್ಲ. ಸಾಲ ತೀರಿದರೂ ಫೈನಾನ್ಸಿನವರು ಸಹಿ ಹಾಕಿದ ಫಾರಂ 35 ಬರುವವರೆಗೆ ಮೊಹರು ಅಳಿಯುವುದಿಲ್ಲ, ಫೈನಾನ್ಸಿನವರು ಬಾಗಿಲು ಹಾಕಿ ಯಾವ ಕಾಲವಾಯಿತೋ.

ಸಾಹುಕಾರರ ನಂತರ ಗಾಡಿಯು ಬಾಳೆಕಾಯಿ ಮಂಡಿ, ಸಾಮಿಲ್ಲು, ಶಾಮಿಯಾನದವರು ಹೀಗೆ ಕೈ ಬದಲಿಸಿ ಈಗಿನ ಯಜಮಾನರಿಗೆ ಬಂದಿದೆ. ಪುಸ್ತಕದಲ್ಲಿ ಇವರ ಯಾರ ಹೆಸರೂ ಇಲ್ಲ. ಮಾರಿದವನು 14 ದಿನದೊಳಗೆ, ಕೊಂಡವನು 30 ದಿನದೊಳಗೆ ತಿಳಿಸಬೇಕೆಂದು ಕಾನೂನು ಹೇಳುತ್ತದೆ. ಲೋಕರೂಢಿ ಖಾಲಿ ಫಾರಂಗೆ ಸಹಿ ಹಾಕಿ ಕೊಡು ಎನ್ನುತ್ತದೆ. ಅಂಥದ್ದೊಂದು ಫಾರಂ 29 ಯಜಮಾನರ ಬೀರುವಿನಲ್ಲಿದೆ, ಕೆಳಗೆ ಸಾಹುಕಾರರ ಸಹಿ, ದುಂಡಗೆ, ನಡುಗದೆ. ಆದರೆ ಈ ನಮೂನೆ ಹುಟ್ಟಿದ್ದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಿಂದ. ಸಾಹುಕಾರರು ತೀರಿಕೊಂಡದ್ದು ತುರ್ತುಪರಿಸ್ಥಿತಿಯ ಕಾಲದಲ್ಲಿ. ಗಂಗರ ತಾಮ್ರಪಟಗಳು ಕೂಟಶಾಸನಗಳೆಂದು ಶಾಸನತಜ್ಞ ಫ್ಲೀಟ್, ಅಲ್ಲವೆಂದು ರೈಸ್ ವರ್ಷಗಟ್ಟಲೆ ಜಗಳವಾಡಿದರು. ಇಲ್ಲಿ ಅಷ್ಟು ಶ್ರಮ ಬೇಕಾಗಿಲ್ಲ. ಈ ಫಲಿತಾಂಶವನ್ನು ಕೇಳಿದ ಯಜಮಾನರು ಪ್ರಬಂಧಕಾರನಿಗೆ ಕೊಟ್ಟಿದ್ದ ಕಾಫಿಯನ್ನು ಅರ್ಧಕ್ಕೇ ಒಳಗೆ ತೆಗೆದುಕೊಂಡು ಹೋದರು.

ಇನ್ನೊಂದು ತೊಡಕು: ಟೊಲೆಡೊದ ಪೆಟ್ರೋಲ್ ಎಂಜಿನ್ ಯಾವುದೋ ಕಾಲದಲ್ಲಿ ಇಳಿದು ಪ್ಯೂಜೊ ಡೀಸೆಲ್ ಎಂಜಿನ್ ಏರಿದೆ. ತಲೆ ಅದಲುಬದಲಾದಾಗ ಗಂಡ ಯಾರೆಂದು ಬೇತಾಳ ಕೇಳಿದ್ದಕ್ಕೆ, ತಲೆ ಯಾರದೋ ಅವನೇ ಎಂದ ವಿಕ್ರಮ. ಆರ್‌ಟಿಒ ಕಚೇರಿಯ ಸಿದ್ಧಾಂತ ತದ್ವಿರುದ್ಧ: ಮುಂಡ, ಅಂದರೆ ಚಾಸಿಸ್, ಯಾರದೋ ಗಾಡಿ ಅವರದು, ತಲೆ ಬದಲಾದದ್ದನ್ನು ಬರೆಸದಿದ್ದರೆ ದಂಡ.

ಹಾಗಾದರೆ ಒಡೆಯರು ಯಾರು? ಗಾಡಿ ಮಾರಿಬಿಟ್ಟಿದ್ದರೂ ನೋಂದಣಿಯಲ್ಲಿ ಹೆಸರಿರುವವನೇ ಮಾಲೀಕ, ಅಪಘಾತವಾದರೆ ಹೊಣೆಯೂ ಅವನದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಆ ಪ್ರಕಾರ ಒಡೆಯರು ಸಾಹುಕಾರರೇ. ಯಜಮಾನರಿಗೋ 2021ರ ನಿಯಮದಂತೆ ಇದನ್ನು ‘ವಿಎ’ ಅಕ್ಷರಗಳ ವಿಂಟೇಜ್ ಫಲಕಕ್ಕೆ ಏರಿಸುವ ಆಸೆ: ಐವತ್ತು ವರ್ಷ ದಾಟಿರಬೇಕು, ಮೂಲರೂಪ ಕೆಟ್ಟಿರಬಾರದು, ಬಾಡಿಗೆಗೆ ಓಡಿಸಬಾರದು, ಶುಲ್ಕ 20,000 ರೂಪಾಯಿ. ಮೊದಲ ಷರತ್ತನ್ನು ಗಾಡಿ ಸಲೀಸಾಗಿ ಪೂರೈಸುತ್ತದೆ. ಎರಡನೆಯದರ ಬಗ್ಗೆ ಮಾತನಾಡದಿರುವುದು ಲೇಸು.

ಮಾಲೀಕ ಸತ್ತಿದ್ದರೆ ಫಾರಂ 31, ವಾರಸುದಾರರ ಒಪ್ಪಿಗೆ. ಶಾಸ್ತ್ರನಿಷ್ಠೆಯಿಂದ ಪ್ರಬಂಧಕಾರನು ಸಾಹುಕಾರರ ವಂಶವೃಕ್ಷವನ್ನು ಪತ್ತೆಹಚ್ಚಿ ಎಲ್ಲರಿಗೂ ಪತ್ರ ಬರೆದನು. ಅಜ್ಜನಿಗೊಂದು ಗಾಡಿ ಇತ್ತೆಂಬುದೇ ಗೊತ್ತಿಲ್ಲದ ಹನ್ನೊಂದು ಮಂದಿಗೆ ಈಗ ಅದರ ಮೇಲೆ ಅತೀವ ಮಮತೆ ಹುಟ್ಟಿದೆ. ಸಹಿ ಹಾಕಲು ಎಲ್ಲರೂ ತಯಾರು, ಮೊದಲು ಹಾಕಲು ಯಾರೂ ತಯಾರಿಲ್ಲ. ಬೆಂಗಳೂರಿನ ಮೊಮ್ಮಗನೊಬ್ಬ ವಕೀಲರ ನೋಟೀಸನ್ನೂ ಕೊಡಿಸಿದ್ದಾನೆ. ಯಜಮಾನರು ಪ್ರಬಂಧಕಾರನಿಗೆ ತೋಟದ ಪ್ರವೇಶವನ್ನು ನಿಷೇಧಿಸಿರುವುದರಿಂದ, ಚಾಸಿಸ್ ಸಂಖ್ಯೆಯ ಪಡಿಯಚ್ಚು ತೆಗೆಯುವ ಕೆಲಸ ಬಾಕಿ ಉಳಿದಿದೆ.