ಪಿಡಿಎಫ್ ದರ್ಶನ ಮೀಮಾಂಸೆ

ಶಾಸ್ತ್ರಗ್ರಂಥ ಎಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಆರಂಭದಲ್ಲೇ ಹೇಳಿಬಿಡಬೇಕು. ಇಲ್ಲದಿದ್ದರೆ ಪಂಡಿತರು ಎರಡನೆಯ ಪುಟಕ್ಕೆ ಹೋಗುವುದಿಲ್ಲ. ಹೇಳಿದರೂ ಹೋಗುವುದಿಲ್ಲ, ಆ ಮಾತು ಬೇರೆ. ಈ ಪ್ರಬಂಧದ ವಿಷಯ: ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ, ಬ್ರೌಸರಿನೊಳಗೆ, ಪಿಡಿಎಫ್ ಮುಂತಾದ ಫೈಲುಗಳನ್ನು ಕಾಣುವ ಬಗೆ. ಪ್ರಯೋಜನ: ಪ್ರಿಂಟ್ ತೆಗೆಸುವುದು. ಸಂಬಂಧ: ಸರ್ವರ್ ಇದ್ದಾಗ ಉಂಟು, ಡೌನ್ ಆದಾಗ ಇಲ್ಲ. ಅಧಿಕಾರಿ ಎಂದರೆ ಇಲ್ಲಿ ತಹಶೀಲ್ದಾರರೆಂದು ತಿಳಿಯಬಾರದು. ಈ ಶಾಸ್ತ್ರಕ್ಕೆ ಅರ್ಹನಾದವನು ಎಂದರ್ಥ. ಲಿಂಕಿನ ಮೇಲೆ ಒಮ್ಮೆ ಒತ್ತಿದರೆ ಸಾಕಾಗಿರುವಲ್ಲಿ ಎರಡು ಸಲ ಒತ್ತುವ ಅಭ್ಯಾಸ, ನಾಳೆಯೇ ಕೊನೆಯ ದಿನಾಂಕವೆಂಬ ತೀವ್ರ ವ್ಯಾಕುಲತೆ, ಇವೆರಡೂ ಉಳ್ಳವನೇ ಉತ್ತಮಾಧಿಕಾರಿ.

ಉದಾಹರಣೆಗೆ ಮನುಷ್ಯನೊಬ್ಬ ಬೇಕಾದರೆ ದೇವದತ್ತನನ್ನು ಕರೆಯುವುದು ನಮ್ಮ ತಾರ್ಕಿಕರ ರೂಢಿ. ಹಗಲು ಉಣ್ಣದೆಯೂ ದಪ್ಪಗಿದ್ದು, ಹಾಗಾದರೆ ರಾತ್ರಿ ಉಣ್ಣುತ್ತಿರಲೇಬೇಕು ಎಂಬ ಊಹೆಗೆ ಆಸ್ಪದ ಕೊಟ್ಟು, ಶತಮಾನಗಳ ಕಾಲ ಅರ್ಥಾಪತ್ತಿ ಪ್ರಮಾಣಕ್ಕೆ ಉಪಕಾರ ಮಾಡಿದ ಆ ಪುಣ್ಯಾತ್ಮನನ್ನೇ ತಾಲ್ಲೂಕು ಕಚೇರಿಯ ಎದುರಿನ ಸೈಬರ್ ಸೆಂಟರಿಗೆ ಕರೆತಂದಿದ್ದೇವೆ.

ಮೊದಲು ಗುರುಪರಂಪರೆ. ಪಿಡಿಎಫ್ ಅಪೌರುಷೇಯವೆಂದು ಕೆಲವು ಗುಮಾಸ್ತರು ನಂಬಿದ್ದರೂ ಅದಕ್ಕೆ ಕರ್ತೃವುಂಟು. ಯಾವ ಯಂತ್ರದಲ್ಲಿ ತೆರೆದರೂ ಪುಟದ ರೂಪ ಒಂದಿಷ್ಟೂ ಕೆಡಬಾರದು ಎಂದು ಅಡೋಬ್ ಕಂಪನಿಯ ಜಾನ್ ವಾರ್ನಾಕ್ ಸಂಕಲ್ಪಿಸಿದರು. ಆ ಸಂಕಲ್ಪಕ್ಕೆ ‘ಕ್ಯಾಮೆಲಾಟ್’ ಎಂದು ಹೆಸರಿಟ್ಟಿದ್ದರು. 1993ರಲ್ಲಿ ಅದು ಭೂಮಿಗಿಳಿಯಿತು. 2008ರಲ್ಲಿ ಐಎಸ್‌ಒ 32000 ಎಂಬ ಸಂಖ್ಯೆ ಪಡೆದು ಸ್ಮೃತಿಯಾಯಿತು. ಬಹುಕಾಲ ಬ್ರೌಸರುಗಳಿಗೆ ಇದನ್ನು ಸ್ವಂತವಾಗಿ ತೋರಿಸುವ ಶಕ್ತಿ ಇರಲಿಲ್ಲ. ಪ್ಲಗಿನ್ ಎಂಬ ಮಧ್ಯವರ್ತಿ ಬೇಕಿತ್ತು; ಅವನು ಎದ್ದು ಬರುವಷ್ಟರಲ್ಲಿ ಬ್ರೌಸರಿಗೇ ಮೂರ್ಛೆ ಬರುತ್ತಿತ್ತು. 2010ರಲ್ಲಿ ಕ್ರೋಮ್ ಮಧ್ಯವರ್ತಿಯನ್ನು ಬಿಟ್ಟು ತಾನೇ ತೋರಿಸತೊಡಗಿತು. 2013ರಲ್ಲಿ ಫೈರ್‌ಫಾಕ್ಸ್ ತನ್ನ 19ನೆಯ ಆವೃತ್ತಿಯಲ್ಲಿ, ಜಾವಾಸ್ಕ್ರಿಪ್ಟಿನಲ್ಲೇ ಬರೆದ ಪಿಡಿಎಫ್.ಜೆಎಸ್ ಸಮೇತ, ಅದೇ ದಾರಿ ಹಿಡಿಯಿತು. ಪ್ಲಗಿನ್ ಕಾಲದ್ದು ದ್ವೈತ, ಈಗಿನದು ಅದ್ವೈತ ಎಂದು ಸ್ಥೂಲವಾಗಿ ಹೇಳಬಹುದು. ಉಡುಪಿಯವರು ಕ್ಷಮಿಸಬೇಕು.

ಇನ್ನು ಪೂರ್ವಪಕ್ಷ. ದೇವದತ್ತ ಒಂದು ಲಿಂಕ್ ಒತ್ತುತ್ತಾನೆ, ಪಿಡಿಎಫ್ ಕಣ್ಣೆದುರಿಗೇ ತೆರೆದುಕೊಳ್ಳುತ್ತದೆ. ಇನ್ನೊಂದು ಒತ್ತುತ್ತಾನೆ, ಪರದೆಯ ಮೇಲೆ ಏನೂ ಆಗುವುದಿಲ್ಲ; ಫೈಲು ಸದ್ದಿಲ್ಲದೆ ಡೌನ್‌ಲೋಡ್ಸ್ ಎಂಬ ಪಾತಾಳಕ್ಕೆ ಇಳಿದುಹೋಗಿರುತ್ತದೆ. ಏಕೆ? ಗ್ರಹಚಾರವಾದಿಗಳು ‘ಎಲ್ಲಾ ಟೈಮು’ ಎನ್ನುತ್ತಾರೆ. ಸಿಸ್ಟಂವಾದಿಗಳು ‘ಹ್ಯಾಂಗ್ ಆಗಿದೆ, ಆಫ್ ಮಾಡಿ ಆನ್ ಮಾಡಿ’ ಎನ್ನುತ್ತಾರೆ. ವೈರಸ್‌ವಾದಿಗಳ ಮತವನ್ನು ಖಂಡಿಸುವುದೂ ಕಾಲಹರಣ.

ಸಿದ್ಧಾಂತ ಹೀಗಿದೆ. ಸರ್ವರ್ ಫೈಲನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಜೊತೆಗೊಂದು ಚೀಟಿ ಬರೆದು ಕಳಿಸುತ್ತದೆ. ಅದರಲ್ಲಿ ‘ಕಂಟೆಂಟ್-ಡಿಸ್ಪೊಸಿಷನ್’ ಎಂಬ ಸಾಲುಂಟು. ಆ ಸಾಲಿನಲ್ಲಿ ‘ಇನ್‌ಲೈನ್’ ಎಂದಿದ್ದರೆ ಬ್ರೌಸರ್ ತೋರಿಸುತ್ತದೆ, ‘ಅಟ್ಯಾಚ್‌ಮೆಂಟ್’ ಎಂದಿದ್ದರೆ ಇಳಿಸಿಡುತ್ತದೆ. ಇನ್ನೊಂದು ಸಾಲು ಫೈಲಿನ ಜಾತಿಯದು. ಅಲ್ಲಿ ಪಿಡಿಎಫ್ ಎಂದು ಬರೆಯುವ ಬದಲು ಯಾರೋ ಸೋಮಾರಿ ‘ಆಕ್ಟೆಟ್-ಸ್ಟ್ರೀಮ್’ ಎಂದು, ಅಂದರೆ ‘ಏನೋ ಒಂದಷ್ಟು ಬೈಟುಗಳು’ ಎಂದು ಗೀಚಿದ್ದರೆ ಆಗಲೂ ಪಾತಾಳವೇ ಗತಿ. ಬ್ರೌಸರಿನ ಸೆಟ್ಟಿಂಗ್ಸಿನಲ್ಲಿ ‘ಪಿಡಿಎಫ್ ತೆರೆಯಬೇಡ, ಇಳಿಸು’ ಎಂಬ ಆಯ್ಕೆ ಇರುವುದು ಅಪವಾದಸೂತ್ರ. ಅದನ್ನು ದೇವದತ್ತ ಕಂಡವನಲ್ಲ. ಆದ್ದರಿಂದ, ಕಾಣುವುದು ಬಿಡುವುದು ನೋಡುವವನ ಪುಣ್ಯದ ಮೇಲೆ ನಿಂತಿಲ್ಲ, ಕಳಿಸುವವನ ಮರ್ಜಿಯ ಮೇಲೆ ನಿಂತಿದೆ ಎಂದು ಸಿದ್ಧವಾಯಿತು.

ಏನೂ ಕಾಣದ ದೇವದತ್ತ ಮತ್ತೆ ಒತ್ತುತ್ತಾನೆ, ಮತ್ತೂ ಒತ್ತುತ್ತಾನೆ. ಡೌನ್‌ಲೋಡ್ಸಿನಲ್ಲಿ ‘ಪಹಣಿ (4)’ ಎಂಬ ಫೈಲು ಕಂಡರೆ ಅರ್ಥಾಪತ್ತಿಯಿಂದ ಏನು ತಿಳಿಯುತ್ತದೆ? ಹಿಂದೆ ಮೂರಿವೆ ಎನ್ನುವವನು ಅಲ್ಪಜ್ಞ. ಮೊದಲನೆಯದಕ್ಕೆ ಆವರಣಚಿಹ್ನೆ ಇರುವುದಿಲ್ಲವಾದ್ದರಿಂದ ಹಿಂದೆ ನಾಲ್ಕಿರುತ್ತವೆ. ಐದೂ ಒಂದೇ ಪಹಣಿ.

ಅರ್ಧ ಇಳಿದ ಪಿಡಿಎಫ್ ಅರ್ಧವಾದರೂ ಕಾಣಬೇಡವೇ ಎಂಬುದು ಮುಂದಿನ ಶಂಕೆ. ಪಿಡಿಎಫ್‌ನ ಒಳಗಿನ ಯಾವ ವಸ್ತು ಎಲ್ಲಿದೆ ಎಂಬ ಪಟ್ಟಿ ಸಾಮಾನ್ಯವಾಗಿ ಫೈಲಿನ ಬಾಲದಲ್ಲಿರುತ್ತದೆ. ಹೀಗಾಗಿ ಬ್ರೌಸರ್, ಪತ್ತೇದಾರಿ ಕಾದಂಬರಿ ಕೊಂಡು ಮೊದಲು ಕೊನೆಯ ಪುಟ ತಿರುವುವವರ ಹಾಗೆ, ಬಾಲದಿಂದಲೇ ಓದತೊಡಗುತ್ತದೆ. ‘ಫಾಸ್ಟ್ ವೆಬ್ ವ್ಯೂ’ ಎಂಬ ಸಂಸ್ಕಾರ ಮಾಡಿದ ಫೈಲಿನಲ್ಲಿ ಮೊದಲ ಪುಟಕ್ಕೆ ಬೇಕಾದುದೆಲ್ಲ ತಲೆಯ ಕಡೆಗೇ ಬಂದಿರುತ್ತದೆ, ಪುಟವೂ ಬೇಗ ಮೂಡುತ್ತದೆ. ಆ ಸಂಸ್ಕಾರ ಮಾಡಬೇಕಾದವನೂ ಕಳಿಸುವವನೇ. ವರ್ಡ್ ಫೈಲಿನ ವಿಚಾರ ಚಿಕ್ಕದು: ಡಾಕ್ಸ್ ಎಂಬುದು ನಿಜಕ್ಕೂ ಜಿಪ್ ಮಾಡಿದ ಗಂಟು, ಒಳಗೆಲ್ಲ ಎಕ್ಸ್‌ಎಂಎಲ್, ಅದನ್ನು ಬಿಚ್ಚುವ ಉಸಾಬರಿ ಬೇಡವೆಂದು ಬ್ರೌಸರ್ ಬಹುಮಟ್ಟಿಗೆ ಕೈತೊಳೆದುಕೊಳ್ಳುತ್ತದೆ.

ತೆರೆದದ್ದೆಲ್ಲ ಕಾಣುವುದೂ ಇಲ್ಲ ಎನ್ನಲು ಇ-ಆಧಾರ್ ಸಾಕ್ಷಿ.

“ಪಾಸ್‌ವರ್ಡ್ ಕೇಳ್ತಿದೆ ಯಜಮಾನ್ರೇ” ಎಂದ ಸೆಂಟರಿನ ಹುಡುಗ.

“ನಾನು ಯಾವ್ದೂ ಇಟ್ಟಿಲ್ವಲ್ಲಪ್ಪ.”

“ನೀವಿಟ್ಟಿದ್ದಲ್ಲ, ಅವರಿಟ್ಟಿದ್ದು. ಹೆಸರಿನ ಮೊದಲ ನಾಲ್ಕು ಅಕ್ಷರ, ಹುಟ್ಟಿದ ವರ್ಷ. ಯಾವ ಇಸವಿ?”

“ನಿಜವಾಗ್ಲೂ ಹುಟ್ಟಿದ್ದೋ, ಸ್ಕೂಲಲ್ಲಿ ಬರೆಸಿದ್ದೋ?”

“ಆಧಾರಲ್ಲಿರೋದು ಹೇಳಿ.”

“ಅದು ಬೇರೇನೇ ಇದೆ.”

ಶಂಕರಾಚಾರ್ಯರ ಅನುಯಾಯಿಗಳು ಸತ್ತೆಯನ್ನು ಪಾರಮಾರ್ಥಿಕ, ವ್ಯಾವಹಾರಿಕ, ಪ್ರಾತಿಭಾಸಿಕ ಎಂದು ಮೂರಾಗಿ ವಿಂಗಡಿಸಿದ್ದು ಯಾಕೆಂದು ಹೊಳೆಯುವುದು ಇಂಥ ಗಳಿಗೆಯಲ್ಲೇ. ಅಮ್ಮ ಹೇಳುವ ಇಸವಿ ಪಾರಮಾರ್ಥಿಕ, ಮೇಷ್ಟ್ರು ಬರೆದುಕೊಂಡದ್ದು ವ್ಯಾವಹಾರಿಕ, ಆಧಾರಿನಲ್ಲಿ ಅಚ್ಚಾದದ್ದು ಪ್ರಾತಿಭಾಸಿಕ. ಫೈಲು ತೆರೆಯುವುದು ಮೂರನೆಯದಕ್ಕೆ ಮಾತ್ರ.

ಈಗ ಈ ಶಾಸ್ತ್ರದ ಅತ್ಯಂತ ಕ್ಲಿಷ್ಟ ಅಧಿಕರಣಕ್ಕೆ ಬಂದೆವು. ಹಳೆಯ ಸುತ್ತೋಲೆಯೊಂದು ಬ್ರೌಸರಿನಲ್ಲಿ ತೆರೆದಿದೆ. ಮುತ್ತಿನಂಥ ಕನ್ನಡ. ‘ಕನ್ನಡ’ ಎಂಬ ಪದವೇ ಅಲ್ಲಿ ಹತ್ತಾರು ಸಲ ಬಂದಿದೆ. ಕಂಟ್ರೋಲ್ ಒತ್ತಿ ಎಫ್ ಒತ್ತಿ ‘ಕನ್ನಡ’ ಎಂದು ಹುಡುಕಿದರೆ ಬ್ರೌಸರ್ ಸೊನ್ನೆ ತೋರಿಸುತ್ತದೆ. ಪ್ರತ್ಯಕ್ಷಕ್ಕೂ ಶಬ್ದಕ್ಕೂ ವಿರೋಧ ಬಂದಾಗ ಯಾವುದು ಬಲ? ಸಂಶಯವಿರುವವರು ಆ ಪದವನ್ನು ಕಾಪಿ ಮಾಡಿ ಬೇರೆಡೆ ಪೇಸ್ಟ್ ಮಾಡಿ ನೋಡಬೇಕು. ಮೊದಲು ಇಂಗ್ಲಿಷಿನ ದೊಡ್ಡ ಪಿ ಬೀಳುತ್ತದೆ, ಪಕ್ಕದಲ್ಲಿ ತಲೆಯ ಮೇಲೆ ಓರೆಗೀಟು ಹೊತ್ತ ಎ, ಅದರ ಮುಂದೆ ಬ್ರಿಟಿಷರ ಪೌಂಡ್ ಚಿಹ್ನೆ, ಮತ್ತೆ ಅದೇ ಓರೆಗೀಟಿನ ಎ, ಆಮೇಲೆ ಜರ್ಮನರು ಎರಡು ಎಸ್‌ಗೆ ಬದಲಾಗಿ ಬರೆಯುವ ಡೊಂಕು ಅಕ್ಷರ. ಹಳೆಯ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಮುಂತಾದ ಅಕ್ಷರಗಳ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಯೂನಿಕೋಡ್ ಕನ್ನಡಕ್ಕೆ ಸ್ವಂತ ಮನೆ ಕೊಟ್ಟು ಎಷ್ಟೋ ಕಾಲವಾದರೂ ಕಚೇರಿಗಳು ಬಹಳ ದಿನ ಬಾಡಿಗೆ ಮನೆ ಬಿಡಲಿಲ್ಲ. ಪಿಡಿಎಫ್‌ಗೆ ಬೇಕಾದದ್ದು ಆಕಾರ, ಎಲ್ಲಿ ಕೂರಬೇಕೆಂಬ ಜಾಗ. ಅರ್ಥದ ಗೊಡವೆ ಅದಕ್ಕಿಲ್ಲ. ಕಡತದ ಆಕಾರ ಕನ್ನಡದ್ದು, ಆತ್ಮ ಯುರೋಪಿನದು.

ಹೊಸ ಆದೇಶಗಳಲ್ಲಿ ಈ ತೊಂದರೆ ಇಲ್ಲ, ಏಕೆಂದರೆ ಅವುಗಳಲ್ಲಿ ಅನೇಕಕ್ಕೆ ಅಕ್ಷರವೇ ಇಲ್ಲ. ಟೈಪ್ ಮಾಡಿ, ಪ್ರಿಂಟ್ ತೆಗೆದು, ಸಹಿ ಹಾಕಿ, ಸೀಲು ಒತ್ತಿ, ಸ್ಕ್ಯಾನ್ ಮಾಡಿ, ತಲೆಕೆಳಗಾಗಿ ಅಪ್‌ಲೋಡ್ ಮಾಡಿದ ಚಿತ್ರಗಳವು. ಬ್ರೌಸರಿನಲ್ಲಿ ಪುಟ ತಿರುಗಿಸುವ ಗುಂಡಿ ಇದೆ. ದೇವದತ್ತ ಕತ್ತು ತಿರುಗಿಸುತ್ತಾನೆ. ಟ್ಯಾಬಿನ ನೆತ್ತಿಯನ್ನು ಯಾರೂ ಗಮನಿಸುವುದಿಲ್ಲ. ಅಲ್ಲಿ ಫೈಲಿನ ಒಳಗೆ ಅಡಗಿರುವ ಶೀರ್ಷಿಕೆ ಕಾಣಿಸುತ್ತದೆ. ಸ್ಕ್ಯಾನ್ ಮಾಡದೆ, ಗುಮಾಸ್ತ ಹಳೆಯ ವರ್ಡ್ ಫೈಲನ್ನೇ ತಿದ್ದಿ ನೇರವಾಗಿ ಪಿಡಿಎಫ್ ಮಾಡಿದ್ದರೆ ಬರಪರಿಹಾರದ ಆದೇಶದ ಮೇಲೆ ‘ಲೀವ್ ಲೆಟರ್’ ಎಂದಿರುವುದುಂಟು. ಸಂಶೋಧಕರಿಗೆ ಇಲ್ಲಿ ಒಳ್ಳೆಯ ಅವಕಾಶವಿದೆ. ಯಾರಾದರೂ ಪಿಎಚ್‌ಡಿ ಮಾಡಬಹುದು.

ಅಂತೂ ಪ್ರಿಂಟ್ ಬಂತು. ಪ್ರಯೋಜನ ಸಿದ್ಧಿಸಿತೆಂದು ದೇವದತ್ತ ಅದನ್ನು ಹಿಡಿದು ರಸ್ತೆ ದಾಟಿ ಹೋದ. ಕಚೇರಿಯವರು ನೋಡಲೇ ಇಲ್ಲ. “ಈಗೆಲ್ಲ ಆನ್‌ಲೈನು. ಪಿಡಿಎಫ್ ಮಾಡಿ ಅಪ್‌ಲೋಡ್ ಮಾಡ್ಸಿ, 200 ಕೆಬಿ ಒಳಗಿರ್ಲಿ” ಎಂದರು. ನೋಡುವವನು ಕಳಿಸುವವನಾಗಿ ಬಡ್ತಿ ಪಡೆಯುವ ಈ ಸ್ಥಿತಿಯನ್ನು ಪೂರ್ವಾಚಾರ್ಯರು ಊಹಿಸಿದಂತಿಲ್ಲ. ಅವನು ವಾಪಸು ಬಂದು ಹಾಳೆಯನ್ನು ತಾನೇ ಸ್ಕ್ಯಾನರಿನ ಮೇಲಿಟ್ಟ, ಯಾವ ಕಡೆ ತಲೆ ಎಂದು ನೋಡಲಿಲ್ಲ. ಎರಡು ಎಂಬಿ ಬಂತು. ಹುಡುಗ ಅದನ್ನು ಹಿಂಡಿ ಹಿಂಡಿ 200ಕ್ಕೆ ಇಳಿಸಿದಾಗ ಸರ್ವೆ ನಂಬರಿನ 8 ಯಾವುದು 3 ಯಾವುದು ಎಂದು ತಿಳಿಯದಂತಾಗಿತ್ತು.

“ಫೈಲಿಗೆ ಏನ್ ಹೆಸರು ಕೊಡ್ಲಿ ಯಜಮಾನ್ರೇ?”

“ನ್ಯೂ ಅಂತ ಕೊಡಪ್ಪ.”

“ನ್ಯೂ ಅಂತ ಆಗ್ಲೇ ಒಂದಿದೆ.”

“ಹಂಗಾದ್ರೆ ನ್ಯೂ ನ್ಯೂ ಅಂತ ಹಾಕು.”